ಕೇಪ್ ಕಾಡ್ ಲೀಗ್‌ನಲ್ಲಿ ಒಳ್ಳೆಯ ಬ್ಯಾಟರ್‌ಗಳೂ ಏಕೆ ಪರದಾಡುತ್ತಾರೆ?

ಪ್ರಶ್ನೆ:
ಬಾಸ್ಟನ್‌ನಲ್ಲಿ ನೆಲೆಸಿದ ಮೇಲೆ ಬೇಸ್‌ಬಾಲ್ ನೋಡಲು ಕಲಿತವನು ನಾನು. ಈ ಬೇಸಿಗೆಯಲ್ಲಿ ಆರ್ಲೀನ್ಸ್ ಊರಿನ ಎಲ್ಡ್ರೆಜ್ ಪಾರ್ಕ್‌ನ ಹುಲ್ಲಿನ ದಿಬ್ಬದ ಮೇಲೆ ಕುಳಿತು, ಕಾಲೇಜು ಆಟಗಾರರ ಬೇಸಿಗೆ ಬೇಸ್‌ಬಾಲ್ ಲೀಗ್ ಆದ ಕೇಪ್ ಕಾಡ್ ಲೀಗ್‌ನ ಕೆಲವು ಪಂದ್ಯಗಳನ್ನು ನೋಡಿದೆ. ವಸಂತದಲ್ಲಿ ತಮ್ಮ ಕಾಲೇಜಿನ ಪರವಾಗಿ ಧಾರಾಳವಾಗಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬಾರಿಸಿದ್ದ ಹುಡುಗರು ಇಲ್ಲಿ ಚೆಂಡನ್ನು ಸರಿಯಾಗಿ ತಾಗಿಸಲೂ ಕಷ್ಟಪಡುತ್ತಿದ್ದರು. ಮರದ ಬ್ಯಾಟ್ ಒಂದೇ ಇದಕ್ಕೆ ಕಾರಣವೇ? ಇಷ್ಟು ಚಿಕ್ಕ ಋತುವಿನ ಅಂಕಿಗಳಿಂದ ಅವರನ್ನು ಅಳೆಯಬಹುದೇ?

ಉತ್ತರ 1:
ಮರದ ಬ್ಯಾಟ್ ಮುಖ್ಯ ಕಾರಣವೆಂದೇ ನನ್ನ ಅಭಿಪ್ರಾಯ. ಕಾಲೇಜು ಪಂದ್ಯಗಳಲ್ಲಿ ಬಳಸುವ ಲೋಹದ ಬ್ಯಾಟ್ ಟೊಳ್ಳಾಗಿರುವುದರಿಂದ ಅದರ ಭಾರವನ್ನು ಕೈಗೆ ಅನುಕೂಲವಾಗುವಂತೆ ಹಂಚಬಹುದು. ಚೆಂಡು ಸ್ವಲ್ಪ ಆಚೀಚೆ ತಾಗಿದರೂ ದೂರ ಹೋಗುತ್ತದೆ. 2011ರಿಂದ ಆ ಬ್ಯಾಟ್‌ನ ಚೆಂಡು ಚಿಮ್ಮಿಸುವ ಗುಣಕ್ಕೆ ಕಠಿಣ ಮಿತಿ ಬಂದಿದ್ದರೂ ಆ ಔದಾರ್ಯ ಪೂರ್ತಿ ಹೋಗಿಲ್ಲ. ಈ ಲೀಗ್ 1985ರಲ್ಲಿ ಮರದ ಬ್ಯಾಟ್‌ಗೆ ಮರಳಿತು. ಇಲ್ಲಿ ಮೈಗೆ ಹತ್ತಿರವಾಗಿ ಬಂದ ಚೆಂಡು ಹಿಡಿಯ ಬಳಿ ತಾಗಿದರೆ ಬ್ಯಾಟ್ ಮುರಿದು, ಚೆಂಡು ಪಿಚರ್‌ನ (ಚೆಂಡೆಸೆಯುವವನ) ಮುಂದೆಯೇ ಉರುಳುತ್ತದೆ. ಆದ್ದರಿಂದ, ಕಾಲೇಜಿನಲ್ಲಿ ಒಳಗಡೆ ಎಸೆಯಲು ಹಿಂಜರಿಯುತ್ತಿದ್ದ ಪಿಚರ್‌ಗಳೂ ಇಲ್ಲಿ ಧೈರ್ಯವಾಗಿ ಎಸೆಯಲು ಕಲಿಯುತ್ತಾರೆ. ಅದನ್ನು ನೋಡುವುದೇ ನನಗೆ ಅತ್ಯಂತ ಇಷ್ಟ.

ಉತ್ತರ 2:
ಒಪ್ಪುತ್ತೇನೆ, ಆದರೆ ದಣಿವನ್ನೂ ಸೇರಿಸಬೇಕು. ಫೆಬ್ರುವರಿಯಿಂದ ಐವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಆಡಿ ಬಂದವರು, ಜೂನ್ ನಡುವಿನಿಂದ ಆಗಸ್ಟ್ ಆರಂಭದವರೆಗೆ ಬಹುತೇಕ ಪ್ರತಿದಿನ, ಸುಮಾರು 40 ಪಂದ್ಯಗಳನ್ನು ಇಲ್ಲಿ ಆಡುತ್ತಾರೆ. ಸಂಬಳವಿಲ್ಲ, ಊರಿನ ಕುಟುಂಬಗಳ ಮನೆಯಲ್ಲಿ ವಾಸ. 2021ರಿಂದ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಜುಲೈಗೆ ಸರಿದ ಮೇಲೆ, ಆಯ್ಕೆಯಾದ ಹಲವರು ಋತುವಿನ ನಡುವೆಯೇ ಹೊರಟುಹೋಗುತ್ತಾರೆ. ಹೀಗಾಗಿ ಜೂನ್‌ನಲ್ಲಿ ನೀವು ಕಂಡ ತಂಡವೇ ಋತುವಿನ ಕೊನೆಯ ಪ್ಲೇಆಫ್ (ಪ್ರಶಸ್ತಿ ಸುತ್ತು) ಪಂದ್ಯಗಳಲ್ಲಿ ಇರುತ್ತದೆಂದು ಹೇಳಲಾಗದು. ಇಬ್ಬರು ಬ್ಯಾಟರ್‌ಗಳ ಸರಾಸರಿಯನ್ನು ಹೋಲಿಸುವಾಗ, ಅವರು ಯಾವ ವಾರಗಳಲ್ಲಿ, ಯಾವ ಪಿಚರ್‌ಗಳ ಎದುರು ಆಡಿದರು ಎಂಬುದನ್ನು ಮೊದಲು ನೋಡಿ.

ಉತ್ತರ 3:
ಹೋಮ್ ರನ್‌ಗಳಿಗೆ ಹೆಸರಾದ ಆರನ್ ಜಡ್ಜ್ 2012ರಲ್ಲಿ ಇದೇ ಲೀಗ್‌ನ ಬ್ರೂಸ್ಟರ್ ತಂಡಕ್ಕೆ ಆಡಿದ್ದರು. ಮರುವರ್ಷದ ಡ್ರಾಫ್ಟ್‌ನಲ್ಲಿ ವೃತ್ತಿಪರ ತಂಡವಾದ ನ್ಯೂಯಾರ್ಕ್ ಯಾಂಕೀಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಅಂಕಿಗಳ ಪ್ರಶ್ನೆಗೆ ಬಂದರೆ, ಪ್ರತಿಭಾನ್ವೇಷಕರು ಇಲ್ಲಿ ಸರಾಸರಿಯೊಂದನ್ನೇ ನೋಡುವುದಿಲ್ಲ. ನೀವು ಒಬ್ಬ ಆಟಗಾರನನ್ನು ಆರಿಸಿಕೊಂಡು, ಜೂನ್‌ನಲ್ಲಿ ಯಾವ ಚೆಂಡಿಗೆ ಸೋತನೋ ಅದೇ ಚೆಂಡನ್ನು ಜುಲೈ ಕೊನೆಯಲ್ಲಿ ಬಿಟ್ಟುಬಿಡುತ್ತಾನೆಯೇ ಎಂದು ಗಮನಿಸಿ. ಪ್ರವೇಶ ಉಚಿತವಾದ್ದರಿಂದ ಮತ್ತೆ ಮತ್ತೆ ಹೋಗಲು ಅಡ್ಡಿಯಿಲ್ಲ. ದೇಣಿಗೆಯ ಬುಟ್ಟಿ ಬಂದಾಗ ಮಾತ್ರ ದಯವಿಟ್ಟು ಏನಾದರೂ ಹಾಕಿ.