ಚಾಕು ಮಸೆಯುವುದೋ, ತೀಡುವುದೋ, ಸಾಣೆ ಹಿಡಿಯುವುದೋ?

ಗೆಳೆಯರೇ,

ಮನೆಯಲ್ಲಿ ಅಡುಗೆ ಮಾಡುವವರಿಗಾಗಿ ಚಾಕುವಿನ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಎಂಥದ್ದನ್ನು ಕೊಳ್ಳಬೇಕು, ಕೊಂಡ ಮೇಲೆ ಹೇಗೆ ನೋಡಿಕೊಳ್ಳಬೇಕು, ಅಷ್ಟೇ. ಕೆಲವು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ. ಒಪ್ಪದಿದ್ದರೆ ಧಾರಾಳವಾಗಿ ಜಗಳ ಆಡಿ.

ಮುಖ್ಯ ತೊಡಕು ಇದು. ಚಾಕುವಿನ ಬಾಯಿಗೆ ಎರಡು ಬಗೆಯ ಆರೈಕೆ ಬೇಕು. ಒಂದರಲ್ಲಿ ಉಕ್ಕು ಸವೆಯುತ್ತದೆ. ದುಂಡಗಾದ ಹಳೆಯ ಅಂಚನ್ನು ಕಲ್ಲಿಗೆ ಉಜ್ಜಿ ತೆಗೆದು ಹೊಸ ಅಂಚು ಕೂರಿಸುತ್ತೇವೆ. ಇನ್ನೊಂದರಲ್ಲಿ ಉಕ್ಕು ಹೆಚ್ಚೇನೂ ಹೋಗುವುದಿಲ್ಲ. ಬಳಸಿ ಬಳಸಿ ಆ ತೆಳ್ಳನೆಯ ಅಂಚು ಅತ್ತಿತ್ತ ವಾಲಿರುತ್ತದೆ. ಉಕ್ಕಿನ ಕೋಲಿನ ಮೇಲೆ ಹಗುರವಾಗಿ ಎಳೆದು ಅದನ್ನು ನೆಟ್ಟಗೆ ಮಾಡುತ್ತೇವೆ. ಮೊದಲನೆಯ ಕೆಲಸ ಮನೆಬಳಕೆಗೆ ವರ್ಷದಲ್ಲಿ ಕೆಲವು ಸಲ ಸಾಕು. ಎರಡನೆಯದನ್ನು ಆಗಾಗ ಮಾಡಬೇಕು.

ಕನ್ನಡದಲ್ಲಿ ಎರಡಕ್ಕೂ 'ಹರಿತ ಮಾಡುವುದು' ಅಂತ ಬರೆದುಬಿಡುತ್ತೇವೆ. ಓದಿದವರು ಕೋಲನ್ನು ಕೊಳ್ಳುತ್ತಾರೆ. ಪೂರ್ತಿ ಮೊಂಡಾದ ಚಾಕುವನ್ನು ಅದರ ಮೇಲೆ ಕೈ ನೋಯುವಷ್ಟು ಉಜ್ಜುತ್ತಾರೆ. ಏನೂ ಆಗದೆ ಹೋದಾಗ ಕೋಲೇ ಸರಿಯಿಲ್ಲ ಅಂತ ಬೈಯುತ್ತಾರೆ. ಉಲ್ಟಾ ಮಾಡುವವರೂ ಇದ್ದಾರೆ. ಅಂಚು ಕೊಂಚ ವಾಲಿದ್ದಕ್ಕೆಲ್ಲ ಸಾಣೆಗೆ ಕೊಟ್ಟು, ಅಲಗನ್ನೇ ಸವೆಸಿ ಅರ್ಧ ಮಾಡಿಬಿಡುತ್ತಾರೆ.

ನಮ್ಮಲ್ಲಿ ಪದಕ್ಕೆ ಬರವಿಲ್ಲ. 'ಸಾಣೆ' ಇದೆ, 'ಮಸೆ' ಇದೆ, 'ತೀಡು' ಇದೆ. ಸಾಣೆ ಸಂಸ್ಕೃತದ 'ಶಾಣ'ದಿಂದ ಬಂದದ್ದು. ಸಾಣೆ ಹಿಡಿಯುವುದು ಅಂದ ಕೂಡಲೇ ಕಣ್ಣಿಗೆ ಬರುವುದು ತಿರುಗುವ ಚಕ್ರ, ಹಾರುವ ಕಿಡಿ. ಅದನ್ನು ಹಾಗೇ ಉಳಿಸೋಣ: ಚಕ್ರಕ್ಕೆ ಕೊಟ್ಟರೆ ಸಾಣೆ. ಮಸೆಯುವುದು ಅಂದರೆ ಕೂತು, ಕಲ್ಲಿನ ಮೇಲೆ ಕೈಯಿಂದ ಉಜ್ಜುವುದು. 'ಹಲ್ಲು ಮಸೆ', 'ಕತ್ತಿ ಮಸೆ' ಎನ್ನುವ ಮಾತುಗಳಲ್ಲೂ ಬಿಡದೆ ತಿಕ್ಕುವ, ಹಗೆಯನ್ನು ಸಾವಕಾಶವಾಗಿ ಬೆಳೆಸುವ ಭಾವವೇ ಇದೆ. ಆದ್ದರಿಂದ ಕಲ್ಲಿನ ಕೆಲಸಕ್ಕೆ 'ಮಸೆ', ಆ ಕಲ್ಲಿಗೆ 'ಮಸೆಗಲ್ಲು'.

ಕೋಲಿನ ಕೆಲಸಕ್ಕೆ ನನ್ನ ಓಟು 'ತೀಡು' ಪದಕ್ಕೆ. ಮೀಸೆ ತೀಡುತ್ತೇವೆ, ಹುಬ್ಬು ತೀಡುತ್ತೇವೆ. ಅಲ್ಲಿ ಕೂದಲು ಕತ್ತರಿಸುವುದಿಲ್ಲ. ಚೆದುರಿದ್ದನ್ನು ಒಂದು ಸಾಲಿಗೆ ತರುತ್ತೇವೆ ಅಷ್ಟೇ. ಕೋಲು ಅಂಚಿಗೆ ಮಾಡುವುದೂ ಇದನ್ನೇ ಅಲ್ವಾ? ಊರುಗೋಲು, ಅಳತೆಗೋಲು ಇದ್ದ ಹಾಗೆ 'ತೀಡುಗೋಲು' ಅನ್ನಬಹುದು.

ಒಂದು ಆಕ್ಷೇಪ ಬರುತ್ತದೆ, ಗೊತ್ತು. ಗಂಧ ತೀಡುವಾಗ ಕೊರಡು ಸವೆಯುತ್ತದಲ್ಲ? ನಿಜ. ಉಕ್ಕಿನ ಕೋಲೂ ಚೂರು ಲೋಹ ಕೀಳುತ್ತದೆ. ಪಿಂಗಾಣಿ ಕೋಲು, ವಜ್ರದ ಪುಡಿ ಮೆತ್ತಿದ ಕೋಲು ಇನ್ನೂ ಜಾಸ್ತಿ ಕೀಳುತ್ತವೆ. ಕೆಲಸಗಳ ನಡುವಿನ ಗೆರೆಯೇ ಅಷ್ಟು ಖಚಿತವಲ್ಲದಾಗ ಪದಗಳ ನಡುವಿನ ಗೆರೆ ಸ್ವಲ್ಪ ಮಸುಕಾದರೆ ತೊಂದರೆ ಇಲ್ಲ ಅಂತ ನನ್ನ ಲೆಕ್ಕ.

ಎರಡನೆಯ ವಿಷಯ, 'ಹರಿತ' ಮತ್ತು 'ಚೂಪು'. ಸೂಜಿ ಚೂಪು, ಮುಳ್ಳು ಚೂಪು. ಬ್ಲೇಡು ಹರಿತ. ತುದಿಯ ಗುಣಕ್ಕೆ ಚೂಪು, ಅಂಚಿನ ಗುಣಕ್ಕೆ ಹರಿತ. ಈಗೀಗ ಎಲ್ಲವನ್ನೂ ಚೂಪು ಮಾಡುತ್ತಿದ್ದೇವೆ. ಅಡುಗೆಗೆ ತುದಿ ಚೂಪಾಗಿರದಿದ್ದರೂ ನಡೆಯುತ್ತದೆ. ಬಾಯಿ ಹರಿತವಾಗಿರಬೇಕು. ತುದಿ ಚೌಕವಾಗಿ, ಚೂಪೇ ಇಲ್ಲದಿದ್ದರೂ ಕಾಗದವನ್ನು ಸರ್ರನೆ ಸೀಳುವ ಚಾಕುಗಳಿವೆ.

ಇನ್ನು 'ಗಟ್ಟಿ'. ಇದು ನನಗೆ ಅತಿ ಹೆಚ್ಚು ತಲೆನೋವು ಕೊಟ್ಟ ಪದ. ಚಾಕುವಿನ ಡಬ್ಬದ ಮೇಲೆ ರಾಕ್‌ವೆಲ್ ಸಿ ಅಳತೆಯಲ್ಲಿ 56, 58, 61 ಅಂತ ಒಂದು ಅಂಕೆ ಇರುತ್ತದೆ. ಅಂಕೆ ಏರಿದಷ್ಟೂ ಉಕ್ಕು 'ಗಟ್ಟಿ' ಎಂದು ವಿವರಿಸುವವರೇ ಎಲ್ಲ. ಓದುವವರಿಗೆ ಗಟ್ಟಿ ಅಂದರೆ ಬಾಳಿಕೆ ಬರುವುದು, ಬಿದ್ದರೂ ಮುರಿಯದ್ದು. ನಿಜ ಸಂಗತಿ ಹೆಚ್ಚುಕಡಿಮೆ ತದ್ವಿರುದ್ಧ. ಆ ಅಂಕೆ ಅಳೆಯುವುದು ಗಡಸುತನವನ್ನು. ಗಡಸು ಉಕ್ಕು ಅಂಚನ್ನು ಜಾಸ್ತಿ ದಿನ ಹಿಡಿದಿಟ್ಟುಕೊಳ್ಳುತ್ತದೆ. ತೆಳುವಾಗಿ, ಒಂದೊಂದು ಬದಿಗೆ 15 ಡಿಗ್ರಿಯಷ್ಟು ಕಿರಿದಾದ ಕೋನದಲ್ಲಿ ಮಸೆಯಬಹುದು. ಆದರೆ ಮೂಳೆಗೆ ತಾಗಿದರೆ, ಅಡ್ಡ ತಿರುಚಿದರೆ, ಕೆಳಗೆ ಬಿದ್ದರೆ ಅಂಚಿನಿಂದ ಚಕ್ಕೆ ಏಳುತ್ತದೆ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಪೆಡಸು. ಬಾಗದೆ ಮುರಿಯುವ ಗುಣ. ಹೀಗಾಗಿ ಅಂಕೆಗೆ 'ಗಡಸು', ಅದರ ಜೊತೆಗೆ ಬರುವ ಕೇಡಿಗೆ 'ಪೆಡಸು', ಪೆಟ್ಟು ತಡೆಯುವ ಗುಣಕ್ಕೆ ಮಾತ್ರ 'ಗಟ್ಟಿ' ಅಂತ ಇಟ್ಟುಕೊಂಡಿದ್ದೇನೆ.

ಇಷ್ಟು ಬಿಡಿಸಿ ಬರೆದರೆ ಕೊಳ್ಳುವವರಿಗೆ ದಾರಿ ತಾನಾಗಿ ಕಾಣುತ್ತದೆ. ಎಲ್ಲರೂ ಕೈ ಹಾಕುವ ಮನೆಗೆ 55ರಿಂದ 58ರ ನಡುವಿನದು ಒಳ್ಳೆಯದು. ಬದಿಗೆ 20 ಡಿಗ್ರಿಯ ಸುಮಾರಿಗೆ ಮಸೆದಿಟ್ಟರೆ ಒರಟು ಬಳಕೆಗೂ ಜಗ್ಗುವುದಿಲ್ಲ. ಬೇಗ ಮೊಂಡಾಗುತ್ತದೆ, ಹಾಗೇ ಬೇಗ ಸರಿಯೂ ಆಗುತ್ತದೆ. ಒಬ್ಬರೇ ಬಳಸುತ್ತೀರಿ, ಕಲ್ಲಿನ ಮುಂದೆ ಕೂರಲು ಇಷ್ಟ ಇದೆ ಅಂದರೆ 60 ದಾಟಿದ್ದನ್ನು ನೋಡಬಹುದು. ಅಂಥದ್ದನ್ನು ಗೆರೆಗೆರೆಯ ಉಕ್ಕಿನ ಕೋಲಿಗೆ ತೀಡಬಾರದು. ನಯವಾದ ಪಿಂಗಾಣಿ ಕೋಲು ಇಲ್ಲವೇ ನುಣ್ಣನೆಯ ಕಲ್ಲು ಸರಿ.

'ತುಕ್ಕು ಹಿಡಿಯದ ಉಕ್ಕು' ಎನ್ನುವ ಮಾತನ್ನೂ ನಾನು ಬಿಟ್ಟಿದ್ದೇನೆ. ಸ್ಟೇನ್‌ಲೆಸ್ ಅನ್ನುವುದು ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಇರುವ ಉಕ್ಕು. ಅದಕ್ಕೆ ತುಕ್ಕು ಸುಲಭವಾಗಿ ಬರುವುದಿಲ್ಲ, ಬರುವುದೇ ಇಲ್ಲ ಅಂತಲ್ಲ. ಉಪ್ಪು ಹುಳಿ ಮೆತ್ತಿಕೊಂಡ ಅಲಗನ್ನು ರಾತ್ರಿಯಿಡೀ ಸಿಂಕಿನಲ್ಲಿ ಬಿಟ್ಟರೆ ಚುಕ್ಕೆ ಮೂಡುತ್ತದೆ. ಹೆಸರೇ ಭರವಸೆ ಕೊಟ್ಟರೆ ಯಾರು ಒರೆಸಿಡುತ್ತಾರೆ? ಸುಮ್ನೆ ಸ್ಟೇನ್‌ಲೆಸ್ ಅಂತಲೇ ಬರೆಯುತ್ತೇನೆ. ಕಾರ್ಬನ್ ಸ್ಟೀಲ್ ಕೂಡ ಹಾಗೇ ಇರಲಿ. 'ಇಂಗಾಲದ ಉಕ್ಕು' ಅಂದರೆ ಮಿಕ್ಕ ಉಕ್ಕಿನಲ್ಲಿ ಇಂಗಾಲವೇ ಇಲ್ಲವೇನೋ ಅನ್ನಿಸುತ್ತದೆ. ಇಂಗಾಲ ಇಲ್ಲದೆ ಉಕ್ಕೇ ಇಲ್ಲ. ಕಾರ್ಬನ್ ಸ್ಟೀಲಿನ ಮೇಲೆ ದಿನ ಕಳೆದಂತೆ ಕೂರುವ ಬೂದು-ನೀಲಿ ಬಣ್ಣಕ್ಕೆ ಮಾತ್ರ ಒಂದು ಹೆಸರು ಬೇಕು. ಅದು ಕೆಂಪು ತುಕ್ಕು ಬರದಂತೆ ಸ್ವಲ್ಪ ಮಟ್ಟಿಗೆ ಕಾಯುತ್ತದೆ, ಹಾಗಾಗಿ ತಿಕ್ಕಿ ತೆಗೆಯಬಾರದು. 'ಕಿಲುಬು' ಅಂದರೆ ಹಿತ್ತಾಳೆ, ತಾಮ್ರ ನೆನಪಾಗುತ್ತವೆ. ತೊಳೆಯಲೇಬೇಕು ಅಂತಲೂ ಅನಿಸುತ್ತದೆ. 'ಪೊರೆ' ಹೇಗೆ?

ಕತ್ತರಿಸುವ ಕೆಲಸದ ಪದಗಳಲ್ಲಿ ನಾವು ಶ್ರೀಮಂತರು. ಹೆಚ್ಚು, ಕೊಯ್ಯಿ, ಕೊಚ್ಚು, ಕಡಿ, ಸೀಳು, ಹೆರೆ. ಕೈಪಿಡಿಗಳು ಇವನ್ನೆಲ್ಲ ಬಿಟ್ಟು 'ಕತ್ತರಿಸಿ' ಒಂದನ್ನೇ ಹಿಡಿದಿರುವುದು ಯಾಕೋ! ಕೊಯ್ಯುವಾಗ ಅಲಗು ಜಾರುತ್ತದೆ, ಕಡಿಯುವಾಗ ಬೀಳುತ್ತದೆ. ಇಷ್ಟು ಗೊತ್ತಾದರೆ ತೆಳು ಚಾಕು ಯಾವುದಕ್ಕೆ, ತೂಕದ ಕತ್ತಿ ಯಾವುದಕ್ಕೆ ಅಂತ ಬೇರೆ ಪಾಠ ಬೇಡ. 'ಈ ಚಾಕು ಹೆಚ್ಚುವುದಕ್ಕೆ, ಕೊಯ್ಯುವುದಕ್ಕೆ. ಇದರಲ್ಲಿ ಕಡಿಯಬೇಡಿ' ಅಂತ ಬರೆದೆ. ಒಂದು ಪುಟದ ಎಚ್ಚರಿಕೆ ಎರಡು ಸಾಲಿಗೆ ಇಳಿಯಿತು.

'ಒರೆ' ವಿಷಯವನ್ನೂ ಹೇಳಿಬಿಡುತ್ತೇನೆ. ಒರೆಗಲ್ಲು ಚಿನ್ನ ಪರೀಕ್ಷಿಸುವ ಕಲ್ಲು. ಮಸೆಗಲ್ಲು ಅಂತ ಇರಬೇಕಾದ ಕಡೆ ಒರೆಗಲ್ಲು ಬರೆಯುವವರಿದ್ದಾರೆ. ಅದು ಬೇಡ. ಆದರೆ ಕತ್ತಿಯ ಒರೆ ಎನ್ನುವ ಅರ್ಥದಲ್ಲಿ ಈ ಪದ ನಮಗೆ ಬೇಕೇ ಬೇಕು. ಡ್ರಾಯರಿನಲ್ಲಿ ಚಮಚಗಳ ಜೊತೆ ಬಿದ್ದ ಚಾಕುವಿನ ಬಾಯಿ ಪ್ರತಿ ಸಲ ಡ್ರಾಯರ್ ಎಳೆದಾಗಲೂ ಏಟು ತಿನ್ನುತ್ತದೆ. ಪ್ಲಾಸ್ಟಿಕ್ಕಿನದೋ ಮರದ್ದೋ ಒಂದು ಒರೆ ಹಾಕಿದರೆ ಅಂಚೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ. 'ಬ್ಲೇಡ್ ಗಾರ್ಡ್' ಯಾಕೆ ಬೇಕು?

ಈಗ ನನಗೆ ಉತ್ತರ ಸಿಗದ ಮೂರು ಜಾಗ.

ಕಲ್ಲಿನ ಮೇಲೆ 400, 1000, 3000, 6000 ಅಂತ ಅಂಕೆ ಇರುತ್ತದೆ. ಕಚ್ಚು ಬಿದ್ದ ಅಲಗಿಗೆ 400 ಅಥವಾ ಅದಕ್ಕೂ ಕಡಿಮೆ, ಮಾಮೂಲಿ ಮಸೆತಕ್ಕೆ 1000, ನಯ ಮಾಡಲು ಅದರ ಮೇಲಿನವು. ಹಿಟ್ಟಿಗೆ ಹೇಳುವ 'ತರಿ' ಪದ ಇಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅಂಕೆ ಏರಿದಂತೆ ತರಿ ಕಡಿಮೆಯಾಗುತ್ತದೆ. '1000 ತರಿಯ ಕಲ್ಲು' ಅಂದರೆ ತುಂಬಾ ಒರಟು ಅಂತ ಓದುಗರು ತಿಳಿಯುವುದಿಲ್ಲವೇ? 'ನುಣುಪು 1000' ಅನ್ನಲೇ?

ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಬಲು ಸಣ್ಣ ಉಕ್ಕಿನ ಎಳೆ ಮೇಲೇಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಹೆಬ್ಬೆರಳನ್ನು ಹಗುರವಾಗಿ ಸವರಿದರೆ ಅದು ಬೆರಳಿಗೆ ತಗಲುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ, ಕೊಯ್ದುಕೊಳ್ಳುತ್ತೀರಿ. ಇಡೀ ಉದ್ದಕ್ಕೂ ಆ ಎಳೆ ಎದ್ದಿದೆ ಅಂದರೆ ಆ ಬದಿಯ ಕೆಲಸ ಮುಗಿಯಿತು, ತಿರುಗಿಸಬಹುದು. ಕೊನೆಯಲ್ಲಿ ಅದನ್ನು ಹಗುರ ಕೈಯಿಂದ ತೆಗೆದುಬಿಡಬೇಕು. ಕೈಯಿಂದ ಮಸೆಯಲು ಕಲಿಯುವವರಿಗೆ ಇದಕ್ಕಿಂತ ದೊಡ್ಡ ಗುರುತಿಲ್ಲ. ಹೆಸರಿಲ್ಲದೆ ಕಲಿಸುವುದು ಕಷ್ಟ. ಮರದ, ಬಿದಿರಿನ ಸಣ್ಣ ಚೂರಿಗೆ ಹೇಳುವ 'ಸಿಬಿರು' ನನಗೆ ಹಿಡಿಸಿದೆ. ಸಾಣೆ ಕೆಲಸದವರ, ಕಮ್ಮಾರರ ಬಾಯಲ್ಲಿ ಬೇರೆ ಮಾತು ಇದ್ದರೆ ಅದೇ ಗೆಲ್ಲಬೇಕು. ಕೇಳಿದವರು ತಿಳಿಸಿ.

ಮೂರನೆಯದು, ಹಿಡಿಯೊಳಗೆ ಹೂತಿರುವ ಅಲಗಿನ ಭಾಗ. ಅದು ಹಿಡಿಯ ತುದಿವರೆಗೂ ಹೋಗಿದ್ದರೆ ಚಾಕು ಕೈಯಲ್ಲಿ ತೂಗಿ ನಿಲ್ಲುತ್ತದೆ, ಹಿಡಿ ಕಳಚುವ ಭಯವೂ ಕಡಿಮೆ. ಕೊಳ್ಳುವಾಗ ನೋಡಬೇಕಾದ ಮುಖ್ಯ ಜಾಗಗಳಲ್ಲಿ ಇದೊಂದು. 'ಕಾವು' ಅಂದರೆ ಹಿಡಿಯೇ ಆಯಿತು. 'ಬಾಲ' ಅಂತ ಬರೆದು ನೋಡಿದೆ. 'ಪೂರ್ತಿ ಬಾಲದ ಚಾಕು' ಅಂದಾಗ ನನಗೇ ನಗು ಬಂತು. ಬಾಯಿ, ಬೆನ್ನು, ಹಿಮ್ಮಡಿ ಎಲ್ಲ ಇರುವ ಚಾಕುವಿಗೆ ಬಾಲ ಇದ್ದರೆ ತಪ್ಪೇನು ಅಂತಲೂ ಅನಿಸುತ್ತದೆ. ನಿಮಗೆ ಏನನ್ನಿಸುತ್ತದೆ?