ಅಪ್‌ಡೇಟ್: ಹರಿದ ಹಾಯಿ ಮತ್ತೆ ಗಾಳಿಗೆ ಬಂತು

ನನ್ನ ಹಳೆಯ ಲೇಸರ್ (ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ) ದೋಣಿಯ ಹಾಯಿ ಹಿಂಬದಿ ಅಂಚಿನ ಹತ್ತಿರ ಗೇಣುದ್ದ ಹರಿದಿದೆ, ಬಲೆ ಹೆಣೆಯುವ ನೈಲಾನ್ ದಾರದಲ್ಲೇ ಹೊಲಿದರೆ ಆಗುತ್ತಾ ಅಂತ ಹೋದ ತಿಂಗಳು ಕಾರವಾರದಿಂದ ಕೇಳಿದ್ದೆ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಹಾಯಿಯ ಡಾಕ್ರಾನ್ ಬಟ್ಟೆ (ಒಂದು ಬಗೆಯ ಪಾಲಿಯೆಸ್ಟರ್) ಹಿಗ್ಗೋದು ಕಮ್ಮಿ, ನೈಲಾನ್ ಎಳೆದಷ್ಟೂ ಹಿಗ್ಗುತ್ತೆ, ಎರಡಕ್ಕೂ ಜೋಡಿಯಾಗಲ್ಲ.

ಮೊದಲ ಪ್ರಯತ್ನ ಪೂರ್ತಿ ದಂಡ. ಆತುರಕ್ಕೆ ಒಣ ಬಟ್ಟೆಯಲ್ಲಿ ಒರೆಸಿ ಟೇಪ್ ಅಂಟಿಸಿದ್ದೆ, ಅರ್ಧ ಗಂಟೆಗೆ ಮೂಲೆ ಎದ್ದಿತು. ಉಪ್ಪು ಹಾಗೇ ಇತ್ತಲ್ಲ! ಮತ್ತೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿದೆ. ಜಗಲಿ ಮೇಲೆ ಸುಕ್ಕಿಲ್ಲದೆ ಹಾಸಿ, ಹರಿದ ಅಂಚುಗಳನ್ನು ಒಂದಕ್ಕೊಂದು ತಾಗಿಸಿ, ಎರಡೂ ಬದಿಗೆ ಡಾಕ್ರಾನ್ ಟೇಪ್. ಹರಿದ ಜಾಗಕ್ಕಿಂತ ಸುತ್ತ 2 ಇಂಚು ಜಾಸ್ತಿ, ಮೂಲೆಗಳು ದುಂಡಗೆ.

ಹೊಲಿಗೆಗೆ ಟೈಲರ್ ಹತ್ತಿರ ಹೋದರೆ ಅವರ ಮಷೀನ್ ನೇರ ಹೊಲಿಗೆಯದ್ದು. ನೇರ ಸಾಲು ಅಂಚೆಚೀಟಿಯ ತೂತಿನ ಹಾಗೆ, ಜೋರು ಗಾಳಿಗೆ ಅಲ್ಲೇ ಹರಿಯಬಹುದು. ಕೊನೆಗೆ ಪಾಲಿಯೆಸ್ಟರ್ ದಾರದಲ್ಲಿ ನಾನೇ ಕೈಯಲ್ಲಿ ಅಂಕುಡೊಂಕು ಹೊಲಿದೆ. ಎರಡು ಸಂಜೆ ಹಿಡಿಯಿತು, ಹೆಬ್ಬೆರಳು ಇನ್ನೂ ನೋಯ್ತಿದೆ. ನೋಡಿದ ಅಮ್ಮ, 'ಇಷ್ಟು ವರ್ಷ ಗುಂಡಿ ಹಾಕೋಕೆ ನನ್ನನ್ನೇ ಕರೀತಿದ್ದೆಯಲ್ಲೋ' ಅಂದರು.

ಭಾನುವಾರ ಕಾಳಿ ನದಿಯಲ್ಲಿ ಇಳಿಸಿದೆ. ತೇಪೆ ಪಕ್ಕ ಸಣ್ಣ ನೆರಿಗೆ ಕಾಣುತ್ತೆ, ಆದರೆ ಹಿಡಿದಿದೆ. ಅಂದ ಹಾಗೆ, ಹರಿಯಲು ಕಾರಣವೂ ಸಿಕ್ಕಿತು: ಹಾಯಿಯ ಆಕಾರ ನಿಲ್ಲಲು ಒಳಗೆ ತೂರಿಸುವ ಬ್ಯಾಟನ್ ಪಟ್ಟಿಯ ತುದಿ ಸೀಳಿ ಚೂಪಾಗಿತ್ತು. ಉಜ್ಜಿ ನುಣುಪು ಮಾಡಿ ಟೇಪ್ ಸುತ್ತಿದ್ದೇನೆ.