ಇಎಂಟಿಗೆ ‘ರೂಪಾಂತರ’ ಅನ್ನಬಹುದೇ?

ಎಪಿಥೀಲಿಯಲ್-ಮೀಸೆಂಕೈಮಲ್ ಟ್ರಾನ್ಸಿಷನ್, ಚಿಕ್ಕದಾಗಿ ಇಎಂಟಿ. ಕ್ಯಾನ್ಸರ್ ಹರಡುವ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಕನ್ನಡದಲ್ಲಿ ಥಟ್ಟನೆ ಹೊಳೆಯುವ ಪದ ‘ರೂಪಾಂತರ’. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಮೊದಲು ಅಲ್ಲಿ ಆಗುವುದೇನು ನೋಡೋಣ. ಚರ್ಮದ ಮೇಲ್ಪದರ, ಕರುಳಿನ ಒಳಪದರ, ಸ್ತನದ ಹಾಲಿನ ನಾಳಗಳ ಒಳಮೈ, ಇವೆಲ್ಲ ಎಪಿಥೀಲಿಯಲ್ ಜೀವಕೋಶಗಳು. ಕೈಕೈ ಹಿಡಿದು ನಿಂತವರ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಹಿಡಿತ ಮುಖ್ಯವಾಗಿ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನದು. ಗಡ್ಡೆಯಲ್ಲಿ ಟಿಜಿಎಫ್-ಬೀಟಾದಂಥ ಸಂಕೇತ ಸಿಕ್ಕಾಗ ಸ್ನೇಲ್, ಟ್ವಿಸ್ಟ್, ಜೆಬ್ ಎಂಬ ನಿಯಂತ್ರಕ ಪ್ರೋಟೀನುಗಳು ಮೇಲೇಳುತ್ತವೆ. ಇ-ಕ್ಯಾಡ್‌ಹೆರಿನ್ ಕಡಿಮೆಯಾಗುತ್ತದೆ, ಕೋಶಕ್ಕೆ ಒಳಗಿನಿಂದ ಆಧಾರ ಕೊಡುವ ವೈಮೆಂಟಿನ್ ಎಂಬ ಪ್ರೋಟೀನ್ ಜಾಸ್ತಿಯಾಗುತ್ತದೆ. ಕೋಶ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಅಡಿಯ ಪೊರೆಯನ್ನು ಕರಗಿಸಿ ರಕ್ತನಾಳದ ಕಡೆ ಸರಿಯುತ್ತದೆ. ಹೀಗೆ ಹಿಡಿತ ಬಿಟ್ಟು ಸಾಗಬಲ್ಲ ಕೋಶವೇ ಮೀಸೆಂಕೈಮಲ್. ಇ-ಕ್ಯಾಡ್‌ಹೆರಿನ್‌ಗೆ ಬಣ್ಣ ಹಾಕಿದ ಸ್ಲೈಡಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಗಡ್ಡೆಯ ಒಳಗೆ ಪ್ರತಿ ಕೋಶದ ಸುತ್ತ ಕಂದು ಗೆರೆ. ಅಂಚಿಗೆ ಬಂದಂತೆ ಕೆಲವು ಕೋಶಗಳಲ್ಲಿ ಆ ಗೆರೆ ತೆಳುವಾಗಿ, ಮಾಯವೇ ಆಗಿರುತ್ತದೆ.

ಈಗ ಪದದ ಮಾತು. ಕೊರೋನಾ ಬಂದ ಮೇಲೆ ‘ರೂಪಾಂತರಿ’ ಎಂದರೆ ಜೀನೇ ಬದಲಾದ ವೈರಸ್ ಅಂತ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅಲ್ವಾ? ಇಎಂಟಿಗೆ ಹೊಸ ಜೀನ್ ಬದಲಾವಣೆ ಬೇಕಿಲ್ಲ. ಇರುವ ಜೀನ್‌ಗಳಲ್ಲೇ ಕೆಲವು ಸುಮ್ಮನಾಗುತ್ತವೆ, ಕೆಲವು ಎಚ್ಚರಗೊಳ್ಳುತ್ತವೆ. ಭ್ರೂಣ ಬೆಳೆಯುವಾಗಲೂ ಇದೇ ನಡೆಯುತ್ತದೆ.

ಇನ್ನೂ ದೊಡ್ಡ ತೊಡಕು, ಇದು ಹಿಂದಕ್ಕೂ ಹೋಗುತ್ತದೆ. ದೂರದ ಅಂಗ ಸೇರಿದ ಕೋಶ ಎಷ್ಟೋ ಸಲ ಮತ್ತೆ ಎಪಿಥೀಲಿಯಲ್ ಗುಣ ಪಡೆದು ಅಲ್ಲಿ ಹೊಸ ಗಡ್ಡೆ ಕಟ್ಟುತ್ತದೆ. ಪೂರ್ತಿ ಬದಲಾಗದೆ ನಡುವೆ ನಿಲ್ಲುವ ಕೋಶಗಳೂ ಇವೆ. ಅವು ಅರ್ಧ ಅಂಟಿಕೊಂಡೇ ಗುಂಪಾಗಿ ಸಾಗಬಲ್ಲವು. 1980ರ ದಶಕದಲ್ಲಿ ಜೀವವಿಜ್ಞಾನಿ ಎಲಿಜಬೆತ್ ಹೇ ಇಎಂಟಿಯನ್ನು ವಿವರಿಸಿದಾಗ ಬಳಕೆಯಲ್ಲಿದ್ದ ಪದ ‘ಟ್ರಾನ್ಸ್‌ಫರ್ಮೇಷನ್’. ಅದನ್ನು ಬಿಟ್ಟು ‘ಟ್ರಾನ್ಸಿಷನ್’ ಹಿಡಿದದ್ದಕ್ಕೆ ಈ ಹಿಂತಿರುಗುವ ಗುಣ ಒಂದು ಕಾರಣ. ಹಾಗಾಗಿ ‘ರೂಪಾಂತರ’ ಅಂದರೆ ಬಿಟ್ಟ ಪದಕ್ಕೇ ವಾಪಸ್ ಹೋದಂತೆ.

ವಾಕ್ಯದಲ್ಲೂ ಎಚ್ಚರ ಬೇಕು. ‘ಇಎಂಟಿಯಿಂದಲೇ ಕ್ಯಾನ್ಸರ್ ಹರಡುತ್ತದೆ’ ಅಂತ ಬರೆಯುವುದು ಅತಿಯಾಯಿತು. 2015ರಲ್ಲಿ ಇಲಿಗಳ ಮೇಲೆ ನಡೆದ ಎರಡು ಅಧ್ಯಯನಗಳು, ಹರಡಲು ಇಎಂಟಿ ಬೇಕೇಬೇಕು ಅಂತಿಲ್ಲ, ಆದರೆ ಔಷಧಿಗೆ ಬಗ್ಗದಿರುವುದರಲ್ಲಿ ಅದರ ಪಾಲಿದೆ ಎಂದವು. ಆ ವಾದ ಇನ್ನೂ ನಡೆಯುತ್ತಿದೆ. ‘ನೆರವಾಗುತ್ತದೆ’ ಅಂದರೆ ಸಾಕು.

ನನ್ನ ಒಲವು ‘ಸ್ಥಿತ್ಯಂತರ’ದ ಕಡೆಗೆ. ಸ್ಥಿತಿ ಬದಲಾಗುತ್ತದೆ, ವಾಪಸ್ಸೂ ಆಗಬಹುದು ಎಂಬ ಅರ್ಥ ಅದಕ್ಕೆ ಹೊಂದುತ್ತದೆ. ಎಪಿಥೀಲಿಯಲ್‌ಗೆ ‘ಅನುಲೇಪಕ’ಕ್ಕಿಂತ ‘ಹೊದಿಕೆ ಕೋಶ’ ಓದುಗರಿಗೆ ಬೇಗ ಹತ್ತುತ್ತದೆ. ಸಿಕ್ಕಿಹಾಕಿಕೊಂಡಿರುವುದು ಮೀಸೆಂಕೈಮಲ್ ಬಳಿ. ‘ಅಲೆಯುವ ಕೋಶ’ ಅಂದರೆ ರಕ್ತದ ಬಿಳಿಕಣವೂ ಅದರಲ್ಲಿ ಬಂದುಬಿಡುತ್ತದೆ. ‘ಸಡಿಲ ಕೋಶ’ ಎಂದರೆ ಹೇಗೆ? ಅಥವಾ ಇದೊಂದನ್ನು ಹಾಗೇ ಉಳಿಸಿಕೊಳ್ಳೋಣವೇ? ಜೀವಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ, ದಯವಿಟ್ಟು ತಿಳಿಸಿ.